ಖಾಜಾಮಿಯಾನ ಒಂದೂವರೆ ಕಿಲೋ

ಕಳೆದ ವಾರ ಚಿತ್ತಾಪುರ ಸ್ಟೇಷನ್ನಿನಲ್ಲಿ ಒಬ್ಬ ಅಜ್ಜಿಯ ಕೈಯಿಂದ ನಾಲ್ಕು ಶೇಂಗಾ ಹೋಳಿಗೆ ಕಸಿದುಕೊಂಡು, ಅವಳ ಕಣ್ಣೆದುರಿಗೇ ನಿಂತು ತಿಂದೆ.

ನಾಲ್ಕೂ.

ಹೊಟ್ಟೆ ಹಸಿದಿತ್ತೇ? ಇಲ್ಲ. ಅದಕ್ಕೂ ಮುಂಚೆ ವಾಡಿಯಲ್ಲಿ ಒಂದು ತಟ್ಟೆ ಮಸಾಲೆ ಅನ್ನದ ತಹರಿ, ಅದರ ಮೇಲೆ ಆರು ಮಿರ್ಚಿ ಭಜಿ ಮುಗಿಸಿದ್ದೆ. ಶುಗರ್ ಇದೆಯೇ? ಇದೆ. ಸಿಹಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದಾರೆಯೇ? ಹೇಳಿದ್ದಾರೆ. (ನಮ್ಮ ಮನೆಯಲ್ಲಿ ಈ ಅಂಕಣ ಓದುವವರು ಈ ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಬೇಕಾಗಿ ವಿನಂತಿ.) ಮತ್ತೆ ಯಾಕೆ ತಿಂದೆ?

ಒಬ್ಬ ಬಾಕ್ಸರನ ಭವಿಷ್ಯಕ್ಕಾಗಿ ತಿಂದೆ. ನಗಬೇಡಿ, ಖರೇ ಹೇಳುತ್ತಿದ್ದೇನೆ.

ಅವತ್ತು ಬೆಳಿಗ್ಗೆ ನಾವು ಮೂವರು ಶಹಾಬಾದಿನಿಂದ ಸಿಕಂದರಾಬಾದಿಗೆ ಪ್ಯಾಸೆಂಜರ್ ಹತ್ತಿದ್ದೆವು. ಮೊದಲನೆಯವನು ಶರಣಪ್ಪ. ಗುಂಡಗುರ್ತಿಯವನು, ವಯಸ್ಸು ಇಪ್ಪತ್ತು, ಶಹಾಬಾದಿನ ಪಾಲಿಶ್ ಯಾರ್ಡಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಎತ್ತಿ ಇಡುವ ಕೆಲಸ. ಸಿಕಂದರಾಬಾದಿನಲ್ಲಿ ಬಾಕ್ಸಿಂಗ್ ಟ್ರಯಲ್ಸ್ ಇತ್ತು. ಗೆದ್ದವನಿಗೆ ರೈಲ್ವೆಯಲ್ಲಿ ಖಾಯಂ ನೌಕರಿ. ಇವನದು ಐವತ್ನಾಲ್ಕು ಕಿಲೋ ಒಳಗಿನ ಕ್ಲಾಸು. ಬೆಳಿಗ್ಗೆ ಯಾರ್ಡಿನ ಕಾಟಾದ ಮೇಲೆ ನಿಲ್ಲಿಸಿ ತೂಗಿದಾಗ ಐವತ್ತಮೂರು ಮುಕ್ಕಾಲು ಬಂದಿತ್ತು. ಸಂಜೆ ಐದಕ್ಕೆ ಅಲ್ಲಿ ತೂಗುತ್ತಾರೆ. ಅಷ್ಟರೊಳಗೆ ಅವನ ಹೊಟ್ಟೆಗೆ ಪಾವು ಕಿಲೋಕ್ಕಿಂತ ಹೆಚ್ಚು ಏನು ಹೋದರೂ ನೌಕರಿ ಹೋಯಿತು.

ಎರಡನೆಯವನು ಅವನ ಗುರು ಖಾಜಾಮಿಯಾ. ಅದೇ ಯಾರ್ಡಿನಲ್ಲಿ ಪಾಲಿಶ್ ಮಷೀನಿನ ಮೇಸ್ತ್ರಿ, ವಯಸ್ಸು ನಲವತ್ತು. ಕಿಟಕಿ ಪಕ್ಕ ಶರಣಪ್ಪನನ್ನು ಕೂಡಿಸಿದರೆ ಯಾರಾದರೂ ಏನಾದರೂ ಕೊಟ್ಟಾರು ಎಂದು ತಾನೇ ಅಲ್ಲಿ ಕೂತಿದ್ದ, ಕೈದಿಯನ್ನು ಕೋರ್ಟಿಗೆ ಕರೆದೊಯ್ಯುವ ಪೊಲೀಸಿನ ಹಾಗೆ.

ಮೂರನೆಯವನು ನಾನು, ಹೈಸ್ಕೂಲ್ ಮಾಸ್ತರ. ಬಾಕ್ಸಿಂಗ್ ಬಗ್ಗೆ ನನಗೆ ಏನು ಗೊತ್ತು? ಏನೂ ಗೊತ್ತಿಲ್ಲ. ನನ್ನನ್ನು ಕರೆದುಕೊಂಡು ಹೋದದ್ದೇ ತಿನ್ನಲಿಕ್ಕೆ.

ಪರ ಊರಿನ ಓದುಗರಿಗಾಗಿ ಒಂದು ಮಾತು. ನಮ್ಮ ಸೀಮೆಯಲ್ಲಿ ಯಾರಾದರೂ ದೊಡ್ಡ ಕೆಲಸಕ್ಕೆಂದು ರೈಲು ಹತ್ತಿದರೆ, ದಾರಿಯಲ್ಲಿರುವ ನೆಂಟರು, ಗುರುತಿನವರು, ಗುರುತೇ ಇಲ್ಲದವರು ಎಲ್ಲರೂ ಸ್ಟೇಷನ್ನಿಗೆ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಹಸಿದ ಹೊಟ್ಟೆಯಲ್ಲಿ ಹೋದವನ ಕೆಲಸ ಆಗುವುದಿಲ್ಲ ಎಂಬ ನಂಬಿಕೆ. ಬುತ್ತಿಯನ್ನು ಬೇಡ ಎನ್ನುವ ಹಾಗಿಲ್ಲ. ಮೊದಲನೇ ಸಲ "ಬ್ಯಾಡ್ರಿ" ಎಂದರೆ ನಾಚಿಕೆ ಎಂದು ತಿಳಿಯುತ್ತಾರೆ. ಎರಡನೇ ಸಲ ಎಂದರೆ ಇನ್ನೊಂದು ಹಾಕುತ್ತಾರೆ. ಮೂರನೇ ಸಲ ಎಂದಿರೋ, ನಿಮ್ಮ ಮಗಳ ಮದುವೆಗೆ ಆ ಮನೆಯಿಂದ ನರಪಿಳ್ಳೆಯೂ ಬರುವುದಿಲ್ಲ. ತಂದವರ ಎದುರಿಗೆ ಯಾರಾದರೂ ಒಬ್ಬರು ತಿನ್ನಲೇಬೇಕು, ಡಬ್ಬಿ ಖಾಲಿ ಮಾಡಿ ಕೊಡಲೇಬೇಕು. ಆ ಒಬ್ಬರು ನಾನು.

ಇಷ್ಟೊಂದು ಬಂದೋಬಸ್ತ್ ಯಾಕೆಂದರೆ, ಹದಿನೇಳು ವರ್ಷದ ಹಿಂದೆ ಇದೇ ದಾರಿಯಲ್ಲಿ ಇದೇ ಬುತ್ತಿ ಖಾಜಾಮಿಯಾನನ್ನು ಕೆಡವಿತ್ತು. ಊರಿಗೆ ಊರೇ ಹಾಗೆ ನಂಬಿತ್ತು. ನಾನೂ ನಂಬಿದ್ದೆ.

ಆಗ ಇನ್ನೂ ಮೈಸೂರು ರಾಜ್ಯ. ಫೌಜಿನಿಂದ ರಿಟೈರಾದ ಒಬ್ಬ ಹವಾಲ್ದಾರರು ಶಹಾಬಾದಿನ ಕಲ್ಲಿನ ಯಾರ್ಡಿಗೆ ವಾಚ್‌ಮನ್ ಆಗಿ ಬಂದರು. ಅವರ ಟ್ರಂಕಿನಲ್ಲಿ ಎರಡು ಜೊತೆ ಬಾಕ್ಸಿಂಗ್ ಗ್ಲೌಸ್ ಇದ್ದವು. ಅಲ್ಲಿಂದ ಊರಿಗೆ ಈ ರೋಗ ಹತ್ತಿತು. ಸಿಮೆಂಟಿನ ಗೋಣಿಚೀಲಕ್ಕೆ ಹರಕು ಬಟ್ಟೆ ತುಂಬಿ ಬೇವಿನ ಮರಕ್ಕೆ ತೂಗಿ ಬಿಟ್ಟರು, ಅದು ಪಂಚಿಂಗ್ ಬ್ಯಾಗ್. ನಾಲ್ಕು ಮೂಲೆಗೆ ಪೇರಿಸಿದ ಕಲ್ಲಿನ ಥಪ್ಪಿ, ಸುತ್ತಲೂ ಬಾವಿ ಹಗ್ಗ, ಅದು ರಿಂಗು. ನೆಲ ಮಾತ್ರ ಅಪ್ಪಟ ಶಹಾಬಾದ್ ಪರಸಿ. ಬೇರೆ ಊರಲ್ಲಿ ಬಾಕ್ಸರ್ ಒಮ್ಮೆ ನಾಕೌಟ್ ಆಗುತ್ತಾನೆ. ನಮ್ಮಲ್ಲಿ ಎರಡು ಸಲ, ಒಮ್ಮೆ ಎದುರಾಳಿಯ ಕೈಯಿಂದ, ಇನ್ನೊಮ್ಮೆ ನೆಲದಿಂದ.

ಖಾಜಾಮಿಯಾ ಆಗ ಇಪ್ಪತ್ತಮೂರರವನು. ಜೋಳದ ದಂಟಿನಂಥ ಮೈ. ಆದರೆ ಆ ಎಡಗೈ. ಅದು ಹೊರಟಿದ್ದು ಯಾರಿಗೂ ಕಾಣುತ್ತಿರಲಿಲ್ಲ, ಎದುರಿನವನು ಕೂತದ್ದು ಮಾತ್ರ ಕಾಣುತ್ತಿತ್ತು. ವಾಡಿಯವರು ಬಂದರು, ಸೇಡಂನವರು ಬಂದರು, ಗುಲಬರ್ಗಾದಿಂದ ಇಬ್ಬರು ಪೊಲೀಸರು ಬಂದರು. ಮೂರನೇ ರೌಂಡು ಕಂಡವರು ಯಾರೂ ಇಲ್ಲ. ಹವಾಲ್ದಾರರು ನನ್ನ ಭುಜ ಹಿಡಿದು, "ಮಾಸ್ಟರ್, ಇವನು ದೇಶಕ್ಕೆ ಆಡ್ತಾನೆ, ಬರೆದಿಟ್ಕೊಳ್ಳಿ" ಎಂದಿದ್ದರು. ನಾನು ಬರೆದೂ ಇಟ್ಟುಕೊಂಡಿದ್ದೆ.

ಹಾಗೆ ನೋಡಿದರೆ ನಮ್ಮ ಕಡೆ ಪ್ರತಿಭೆಗೆ ಬರ ಯಾವಾಗ ಇತ್ತು? ನೆಲ ಅಗೆದರೆ ಪದರ ಪದರವಾಗಿ ಕಲ್ಲು ಏಳುವ ಊರು ಇದು, ಪ್ರತಿಭೆಯೂ ಹಾಗೇ ಏಳುತ್ತದೆ. ಏಳುತ್ತದೆ, ಬಿಸಿಲಿಗೆ ಬಿದ್ದಿರುತ್ತದೆ. ಚಿಂಚೋಳಿಯಲ್ಲಿ ಒಬ್ಬ ಭಾರೀ ಬಾಕ್ಸರ್ ಇದ್ದ. ಮದುವೆಯಾದ ಮೂರನೇ ತಿಂಗಳಿಗೆ ಹೆಂಡತಿ, "ಹೊಡಿಸ್ಕೊಳ್ಳಲಿಕ್ಕ ಅಷ್ಟು ದೂರ ಯಾಕ ಹೋಗ್ತೀರಿ, ಮನ್ಯಾಗ ನಾ ಇಲ್ಲೇನು" ಎಂದಳಂತೆ. ಅವತ್ತಿಗೆ ಅವನ ಬಾಕ್ಸಿಂಗ್ ಮುಗಿಯಿತು. ವಾಡಿಯವನೊಬ್ಬ ಇನ್ನೂ ಜೋರಾಗಿದ್ದ. ಅವನು ಕೊನೆಯ ಸಲ ನಾಕೌಟ್ ಮಾಡಿದ್ದು ತನ್ನ ಸೂಪರ್‌ವೈಸರನ್ನು, ಅದೂ ಡ್ಯೂಟಿ ಟೈಮಿನಲ್ಲಿ. ಈಗ ಸ್ಟೇಷನ್ ಎದುರಿಗೆ ಪಾನ್ ಅಂಗಡಿ ಇದೆ, ಸುಣ್ಣ ಭಾಳ ಚೆನ್ನಾಗಿ ಹಚ್ಚುತ್ತಾನೆ.

ಖಾಜಾಮಿಯಾ ಹಾಗಾಗಬಾರದು ಎಂದು ನಾವೆಲ್ಲ ಟೊಂಕ ಕಟ್ಟಿದೆವು. ಸಿಕಂದರಾಬಾದಿನ ಟ್ರಯಲ್ಸಿಗೆ ಹೊರಟಾಗ ಹವಾಲ್ದಾರರಿಗೆ ಜ್ವರ, ಹಾಗಾಗಿ ಮ್ಯಾನೇಜರ್ ಪೋಸ್ಟು ನನಗೆ ಬಂತು. ಹೊಸ ಹುಮ್ಮಸ್ಸು ನೋಡಿ, ನಾನು ದಾರಿಯ ಎಲ್ಲ ಊರಿಗೂ ಕಾರ್ಡು ಬರೆದೆ. ನಮ್ಮ ಖಾಜಾಮಿಯಾ ಇಂಥ ದಿನ ಇಂಥ ಗಾಡಿಗೆ ಬರುತ್ತಿದ್ದಾನೆ, ಬಂದು ಹರಸಿ ಎಂದು. ಬರೀ ಕೈಯಲ್ಲಿ ಹರಸುವವರು ನಮ್ಮಲ್ಲಿ ಯಾರಿದ್ದಾರೆ?

ವಾಡಿಯಲ್ಲಿ ಇಂಜಿನ್ನಿಗೆ ನೀರು ತುಂಬುವಷ್ಟು ಹೊತ್ತು ಗಾಡಿ ನಿಂತಿತು. ಅಲ್ಲಿ ಅವನ ಖಾಲಾ, ಅಂದರೆ ಚಿಕ್ಕಮ್ಮ, ತಹರಿ ತಂದಳು. ಚಿತ್ತಾಪುರದಲ್ಲಿ ನನ್ನ ಮಾವನ ಮನೆಯವರು ಹೋಳಿಗೆ, ಅದರ ಮೇಲೆ ಹರಿಯುವಷ್ಟು ತುಪ್ಪ. ಸೇಡಂನಲ್ಲಿ ನನ್ನ ಅಕ್ಕ. ಅವಳನ್ನು ಅಲ್ಲೇ ಹತ್ತಿರದ ಆಡಕಿಗೆ ಕೊಟ್ಟಿದ್ದು. ಎತ್ತಿನ ಗಾಡಿ ಕಟ್ಟಿಸಿಕೊಂಡು ಮೂರು ಅಂತಸ್ತಿನ ಡಬ್ಬಿಯಲ್ಲಿ ಗೋಧಿ ಹುಗ್ಗಿ ತಂದಿದ್ದಳು, ರೈಲು ಬಿಟ್ಟಿತೆಂದು ಡಬ್ಬಿ ನಮ್ಮ ಕೈಯಲ್ಲೇ ಉಳಿಯಿತು. ಎಲ್ಲ ಕಡೆ ಖಾಜಾಮಿಯಾ ತಿಂದ. ನಾನೂ ತಿಂದೆ. ಸೇಡಂ ದಾಟುತ್ತಲೇ ನನಗೆ ನಿದ್ದೆ ಬಂತು.

ಸಂಜೆ ತೂಕಕ್ಕೆ ನಿಂತ. ಐವತ್ತೈದೂವರೆ.

ಅವನದೂ ಐವತ್ನಾಲ್ಕರದೇ ಕ್ಲಾಸು. ಒಂದೂವರೆ ಕಿಲೋ ಜಾಸ್ತಿ. ಒಂದು ತಾಸು ಟೈಮ್ ಕೊಟ್ಟರು. ಕಂಬಳಿ ಹೊದಿಸಿ ಮೈದಾನದಲ್ಲಿ ಓಡಿಸಿದೆ. ಎದುರಿನ ಸಲೂನಿಗೆ ಒಯ್ದು ತಲೆ ಬೋಳಿಸಿದೆ. ಆ ಕೂದಲು ಎಷ್ಟು ತೂಗೀತು ಎಂದು ಈಗ ನೀವು ಕೇಳುತ್ತೀರಿ. ಮುಳುಗುವವನಿಗೆ ಅದೆಲ್ಲ ಹೊಳೆಯುತ್ತದೆಯೇ? ಮತ್ತೆ ನಿಲ್ಲಿಸಿದಾಗ ಇನ್ನೂ ಒಂದು ಕಿಲೋ ಉಳಿದಿತ್ತು. ಮೇಜಿನ ಹಿಂದಿದ್ದವರು ಕತ್ತೆತ್ತಿ ಕೂಡ ನೋಡದೆ "ನೆಕ್ಸ್ಟ್" ಎಂದರು. ಖಾಜಾಮಿಯಾ ಅಂಗಿ ಹಾಕಿಕೊಂಡ. ನಾನು ಅತ್ತೆ. ಅವನು ನನ್ನ ಬೆನ್ನು ಸವರಿ ಸಮಾಧಾನ ಮಾಡಿದ, ಅದು ಇನ್ನೂ ನೆನಪಿದೆ.

ವಾಪಸ್ ಬಂದಾಗ ಊರು ಅವನನ್ನು ಬೈಯಲಿಲ್ಲ. ತನ್ನನ್ನೇ ಬೈದುಕೊಂಡಿತು. ಖಾಲಾ ಆಮೇಲೆ ಎಷ್ಟೋ ವರ್ಷ ತಹರಿ ಮಾಡಲಿಲ್ಲ. ನಮ್ಮ ಅಕ್ಕ ದೇವರಿಗೆ ತಪ್ಪು ಕಾಣಿಕೆ ಹಾಕಿದಳು. ಮರುವರ್ಷ ಮತ್ತೆ ಟ್ರಯಲ್ಸ್ ಬಂದಾಗ ಖಾಜಾಮಿಯಾನ ಮನೆಯಲ್ಲಿ ಬಾಣಂತನ. ಅದರ ಮರುವರ್ಷ ಮೊಣಕೈ ನೋವು. ನಾವೂ ಒತ್ತಾಯ ಮಾಡಲಿಲ್ಲ, ಯಾವ ಮುಖ ಇಟ್ಟುಕೊಂಡು ಮಾಡೋಣ? ಹೀಗಾಗಿ ಖಾಜಾಮಿಯಾ ನಮ್ಮೂರಿನಲ್ಲಿ "ಜಿಂದಗಿಯಲ್ಲಿ ಸೋಲೇ ಕಾಣದ ಬಾಕ್ಸರ್" ಎಂದು ಹೆಸರಾದ. ಹೋಟೆಲಿಗೆ ಹೊಸಬರು ಬಂದರೆ ತೋರಿಸಿ ಹೇಳುತ್ತಿದ್ದರು, ಆ ಒಂದೂವರೆ ಕಿಲೋ ಇರದಿದ್ದರೆ ಇವತ್ತು ಇವನ ಫೋಟೋ ಪೇಪರಿನಲ್ಲಿರುತ್ತಿತ್ತು ಎಂದು.

ನನ್ನ ಪಾಡು ಕೇಳಬೇಡಿ. ಕಾರ್ಡು ಬರೆದ ಪಾಪಿ ನಾನು. ಅವನ ಮೂವರು ಮಕ್ಕಳಿಗೂ ಮನೆಯಲ್ಲಿ ಕೂಡಿಸಿಕೊಂಡು ಪಾಠ ಹೇಳಿದೆ. ಅವನ ರೇಷನ್ ಕಾರ್ಡಿನಿಂದ ಹಿಡಿದು ಮಗಳ ಸ್ಕಾಲರ್‌ಶಿಪ್ಪಿನ ತನಕ ಎಲ್ಲ ಅರ್ಜಿ ನನ್ನ ಅಕ್ಷರದಲ್ಲೇ. ಅವನು ಎದುರಿಗೆ ಬಂದರೆ ನನ್ನ ಕತ್ತು ತಾನಾಗಿ ಬಗ್ಗುತ್ತಿತ್ತು. ಹದಿನೇಳು ವರ್ಷ ಬಗ್ಗಿದ್ದೇನೆ ಸ್ವಾಮಿ, ಒಂದೆರಡು ದಿನ ಅಲ್ಲ.

ಇಷ್ಟೆಲ್ಲ ಆದ ಮೇಲೂ ನಾನು ಬುದ್ಧಿ ಕಲಿತೆನೇ? ನಿಮಗೆ ಗೊತ್ತೇ ಇದೆ. ಎರಡು ವಾರದ ಹಿಂದೆ ಇದೇ ಅಂಕಣದಲ್ಲಿ ಶರಣಪ್ಪನನ್ನು ಹೊಗಳಿ ಹೊಗಳಿ ಬರೆದೆ. ಯಾವ ದಿನ, ಯಾವ ಗಾಡಿ ಎಂಬುದನ್ನೂ ಬರೆದೆ. ಪೇಪರ್ ಬಂದ ದಿನ ಬೆಳಿಗ್ಗೆ ಖಾಜಾಮಿಯಾ ಮನೆಗೆ ಬಂದು ಬಾಗಿಲಲ್ಲೇ ನಿಂತ.

"ಮಾಸ್ತರ್ ಸಾಬ, ನಿಮ್ಮ ಕೈಯಾಗ ಪೆನ್ನು ಕೊಟ್ಟಾಂವ ಯಾಂವ್ರಿ? ಮೊದಲ ಅಂವಗ ಹೊಡಿಬೇಕು."

"ತಪ್ಪಾತಪ್ಪ. ಈಗೇನ್ ಮಾಡಬೇಕು ಹೇಳು."

"ನೀವೂ ಬರ್ರಿ. ಎಷ್ಟು ಬುತ್ತಿ ಬರ್ತದೋ ಅಷ್ಟೂ ನೀವ ತಿನ್ರಿ. ಶಿಕ್ಷಾ ಅಂತ ತಿಳೀರಿ."

ಹೀಗೆ ನಾನು ಆ ಗಾಡಿ ಹತ್ತಿದೆ. ಬುತ್ತಿ ತಂದವರೆಲ್ಲ ಯಾರು? ನೀವೇ, ನನ್ನ ಪ್ರೀತಿಯ ಓದುಗರು. ವಾಡಿಯಲ್ಲಿ ಭಜಿ ತಂದವರೇ, ಖಾರ ಸ್ವಲ್ಪ ಜಾಸ್ತಿ ಇತ್ತು. ಚಿತ್ತಾಪುರದ ಅಜ್ಜಿ ಪೇಪರ್ ಓದುವವಳಲ್ಲ, ಮೊಮ್ಮಗಳು ಓದಿ ಹೇಳಿದ್ದಳಂತೆ. ಹೋಳಿಗೆ ಹಿಡಿದ ಕೈಯನ್ನು ಕಿಟಕಿಯೊಳಗೆ ಚಾಚಿದಳು. ಖಾಜಾಮಿಯಾ ಅಡ್ಡ ಕೈ ಹಾಕಿದ. ನಾನು ಇಳಿದು ಹೋಗಿ ಕಸಿದುಕೊಂಡೆ.

"ನಾ ಆ ಹುಡುಗಗ ತಂದೀನಿ. ಈ ಹೊಟ್ಟಿಬಾಕ ಯಾರಪ್ಪ?" ಅಜ್ಜಿ ಖಾಜಾಮಿಯಾನನ್ನು ಕೇಳಿದಳು.

"ಅಂವನ ಮ್ಯಾನೇಜರ್ ಇದಾರಮ್ಮಾ."

"ಮ್ಯಾನೇಜರನ ಇಷ್ಟು ತಿಂದ್ರ ಹುಡುಗಗ ಏನ್ ಉಳೀತದ?"

ಈ ದೇಶದ ಕ್ರೀಡೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಎಲ್ಲೂ ಓದಿಲ್ಲ.

ಸೇಡಂನಲ್ಲಿ ನಮ್ಮ ಅಕ್ಕ ನಿಂತಿದ್ದಳು. ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಹಿಂದಿನ ತಪ್ಪು ನೆನಪಿಟ್ಟುಕೊಂಡು ಈ ಸಲ ಬರೀ ಕೈಯಲ್ಲಿ ಬಂದಿರುತ್ತಾಳೆ ಎಂದುಕೊಂಡಿದ್ದೆ. ಇಲ್ಲ, ಹುಗ್ಗಿಯೇ. "ಈ ಸಲ ತುಪ್ಪ ಕಡಿಮಿ ಹಾಕೀನೋ ತಮ್ಮಾ" ಎಂದಳು. ಜನ ತುಂಬಿದ್ದರಿಂದ ನಾನು ಬಾಗಿಲಿಗೆ ಬರುವಷ್ಟರಲ್ಲಿ ಗಾಡಿ ಅಲುಗಿತು. ಅವಳು ಓಡಿ ಬಂದು ಡಬ್ಬಿಯನ್ನು ಇನ್ನೊಂದು ಕಿಟಕಿಯಿಂದ ನೇರ ಶರಣಪ್ಪನ ಕೈಗೇ ಕೊಟ್ಟುಬಿಟ್ಟಳು. "ನನ್ನ ಕಂದಾ, ಗೆದ್ದು ಬಾ" ಎಂದದ್ದು ಕೇಳಿಸಿತು.

ಸೇಡಂ ಹಿಂದೆ ಉಳಿಯಿತು. ನಾನು ಡಬ್ಬಿಗೆ ಕೈ ಚಾಚಿದೆ. ಶರಣಪ್ಪ ಕೊಡಲಿಲ್ಲ, ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದ.

"ನೀವು ಭಾಳ ತಿಂದೀರಿ ಸರ್. ಇದು ನನಗಂತ ಕೊಟ್ಟಾರ. ಮುಟ್ಟಲಿಲ್ಲಂದ್ರ ಆ ತಾಯಿಗಿ ಕೆಟ್ಟನಸ್ತದ."

"ಆಕಿ ಇಲ್ಲಿಲ್ಲ. ಕಾಣಂಗಿಲ್ಲ ಆಕಿಗಿ. ಕೊಡು ಇಲ್ಲಿ."

"ಒಂದ ತುತ್ತು ರಿ."

ನಾನು ಖಾಜಾಮಿಯಾನ ಕಡೆ ನೋಡಿದೆ. ಈಗ ಬೈಯುತ್ತಾನೆ, ಡಬ್ಬಿ ಕಸಿದು ಹೊರಗೆ ಒಗೆಯುತ್ತಾನೆ ಎಂದುಕೊಂಡೆ. ಅವನು ಡಬ್ಬಿ ನೋಡುತ್ತಿರಲಿಲ್ಲ. ಹುಡುಗನ ಕೈ ನೋಡುತ್ತಿದ್ದ. ದಿನಕ್ಕೆ ನೂರಾರು ಕಲ್ಲು ಎತ್ತುವ ಕೈ ಮುಚ್ಚಳ ಮುಚ್ಚುತ್ತಿತ್ತು, ಮತ್ತೆ ತೆಗೆಯುತ್ತಿತ್ತು.

"ಹಸಿವ್ಯಾಗ್ಯದೇನು?" ಖಾಜಾಮಿಯಾ ಕೇಳಿದ.

"ಹೌದ್ರಿ ಚಾಚಾ."

"ಅಲ್ಲಿ ಯಾರ್ಯಾರು ಬರ್ಲಿಕತ್ತಾರ ಗೊತ್ತಾಗ್ಯದ ನಿನಗ."

ಶರಣಪ್ಪ ಹುಗ್ಗಿಯ ಕಡೆ ನೋಡುತ್ತ ಹೇಳಿದ. "ಒಬ್ಬಾಂವ ಇದ್ದಾನಂತ್ರಿ. ಹೋದ ವರ್ಷ ಒಬ್ಬನ ದವಡಿ ಮುರದಾನಂತ."

"ತಿನ್ನು ಹಂಗಾದ್ರ" ಎಂದ ಖಾಜಾಮಿಯಾ. "ನಾನೂ ತಿಂದಿದ್ದೆ. ಇಲ್ಲೇ, ಇದ ಸೇಡಂ ದಾಟಿದ ಮ್ಯಾಲ. ಮಾಸ್ತರ್ ಸಾಬ ಮಲಗಿದ್ರು."

ನನಗೆ ಅರ್ಥವಾಗಲಿಲ್ಲ. ಅವನು ನನ್ನನ್ನು ನೋಡದೆ ಹುಡುಗನಿಗೇ ಹೇಳತೊಡಗಿದ.

"ವಾಡಿದಾಗ, ಚಿತ್ತಾಪುರದಾಗ ನಾ ತಿಂದಿದ್ದು ಎರಡೆರಡು ತುತ್ತು, ಮಂದಿಗಿ ತೋರಸಲಿಕ್ಕ. ಅದರಿಂದ ಏನೂ ಆಗ್ತಿದ್ದಿಲ್ಲ. ಇಲ್ಲಿಗಿ ಬಂದ ಮ್ಯಾಲ ಡಬ್ಬಿ ತೆಗದೆ. ಮೂರು ಮಂದಿದು ಹುಗ್ಗಿ, ಒಬ್ಬನ ತಿಂದೆ. ತಾಂಡೂರದಾಗ ಇಳದು ನಳಕ್ಕ ಬಾಯಿ ಹಚ್ಚಿ ಹೊಟ್ಟಿ ಬಿರಿಯೂತನ ನೀರು ಕುಡದೆ. ತೂಕಕ್ಕ ನಿಲ್ಲೂತನ ಒಂದಕ್ಕೂ ಹೋಗಲಿಲ್ಲ. ಹಸಿವಿ ಇದ್ದಿಲ್ಲ ಬೇಟಾ. ಅಂಜಿಕಿ ಇತ್ತು."

"ನಿಮಗ?" ಶರಣಪ್ಪ ಕೇಳಿದ.

"ನನಗ. ಬಾಂಬೆದಾಂವ ಒಬ್ಬ ಬರ್ತಾನ ಅಂದಿದ್ರು. ಊರಾಗ ಎಲ್ಲರೂ ನನ್ನ ಕೈಲೆ ಬಿದ್ದಾರ, ನಾ ಒಮ್ಮಿನೂ ಬಿದ್ದಾಂವಲ್ಲ. ಬಿದ್ರ ಹೆಂಗಿರ್ತದ ಗೊತ್ತಿದ್ದಿಲ್ಲ. ಸೋತು ಬಂದು ಮಂದಿಗಿ ಏನ್ ಮಾರಿ ತೋರಸಲಿ ಅಂತ ಒಂದ ಚಿಂತಿ. ತೂಕ ಜಾಸ್ತಿ ಬಂತಂದ್ರ ಸೋತಂಗಲ್ಲ ನೋಡು. ಯಾರೂ ಏನೂ ಅನ್ನಂಗಿಲ್ಲ. ಅನ್ನಲೂ ಇಲ್ಲ."

ಡಬ್ಬಿಯೊಳಗೆ ಹುಗ್ಗಿ ಆರುತ್ತಿತ್ತು. ನನ್ನ ತಲೆ ಕಾಯುತ್ತಿತ್ತು.

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹೊತ್ತಿಗೆ ನನಗೆ ಕನಿಕರ ಬರಲಿಲ್ಲ. ಕೆಟ್ಟ ಸಿಟ್ಟು ಬಂತು. ಹದಿನೇಳು ವರ್ಷ, ಮೂರು ಮಕ್ಕಳ ಪಾಠ, ಲೆಕ್ಕವಿಲ್ಲದಷ್ಟು ಅರ್ಜಿ. ನನ್ನ ಅಕ್ಕನ ತಪ್ಪು ಕಾಣಿಕೆ. ಈ ಮನುಷ್ಯ ತಲೆ ಬೋಳಿಸಿಕೊಂಡು ನನ್ನ ಬೆನ್ನು ಸವರಿದ್ದ. ಎದ್ದು ಒಂದು ಬಿಡಬೇಕು ಎನಿಸಿತು. ಬಿಡಲಿಲ್ಲ. (ಧೈರ್ಯವಿಲ್ಲದೆ ಅಲ್ಲ, ಗಾಡಿ ಅಲುಗಾಡುತ್ತಿತ್ತು.)

"ಹದಿನೇಳು ವರ್ಷ ಯಾಕ ಹೇಳಲಿಲ್ಲೋ ಹರಾಮಖೋರ?" ಎಂದೆ.

"ನೀವು ಅಷ್ಟು ಪ್ರೀತಿಲಿಂದ 'ತಪ್ಪು ನಂದು' ಅಂತಿದ್ರಿ. ಕಸಗೊಳ್ಳಲಿಕ್ಕ ಮನಸ್ಸಾಗಲಿಲ್ಲ."

ಹೇಳಿ, ಇಂಥವನಿಗೆ ಏನು ಮಾಡುತ್ತೀರಿ?

ಸಿಟ್ಟು ತಾಂಡೂರಿನ ತನಕವೂ ಉಳಿಯಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನನ್ನದೇ ಒಂದು ಸಂಗತಿ ನೆನಪಿಗೆ ಬಂದು ಕೂತಿತ್ತು. ನಾನು ಒಂದು ಕಾದಂಬರಿ ಬರೆಯಬೇಕಾಗಿದ್ದವನು. ಕಾಲೇಜಿನಲ್ಲಿ ಮೇಷ್ಟ್ರು, ಗೆಳೆಯರು ಎಲ್ಲರೂ ಹಾಗೇ ಹೇಳುತ್ತಿದ್ದರು. ಯಾಕೆ ಬರೆಯಲಿಲ್ಲ? ಪರೀಕ್ಷೆ ಪೇಪರ್ ತಿದ್ದುವುದು, ಸಂಸಾರ, ಮನೆಯಲ್ಲಿ ಒಂದು ಟೇಬಲ್ ಇಲ್ಲ, ಟೇಬಲ್ ಬಂದ ಮೇಲೆ ಕರೆಂಟ್ ಇಲ್ಲ. ಎಲ್ಲವೂ ನಿಜ. ಆದರೆ ಒಂದು ಪುಟವೂ ಬರೆಯದವನ ಕಾದಂಬರಿಯನ್ನು ಯಾರೂ ಕೆಟ್ಟದ್ದು ಎನ್ನುವಂತಿಲ್ಲ ನೋಡಿ. ನಾನೂ ಸೋಲೇ ಕಾಣದ ಕಾದಂಬರಿಕಾರ. ವಾರಕ್ಕೊಂದು ಅಂಕಣ ಬರೆದು ಬೆನ್ನು ಸವರಿಸಿಕೊಳ್ಳುತ್ತಿದ್ದೇನೆ.

ಶರಣಪ್ಪ ಡಬ್ಬಿ ಮುಚ್ಚಿದ. ನನ್ನ ಕಡೆ ಸರಿಸಿದ. ಆವತ್ತು ಮೊದಲ ಸಲ ನನಗೂ ಬೇಡವಾಯಿತು. ಎದುರು ಸೀಟಿನಲ್ಲಿದ್ದ ತಾಂಡೂರಿನ ಸಂಸಾರವೊಂದು ನಮ್ಮ ಅಕ್ಕನ ಹುಗ್ಗಿಯನ್ನು ಚಪ್ಪರಿಸಿ ತಿಂದು, "ಚಾಲಾ ಬಾಗುಂದಿ ಸಾರ್" ಎಂದು ತೆಲುಗಿನಲ್ಲಿ ಹೊಗಳಿ ಖಾಲಿ ಡಬ್ಬಿ ತೊಳೆದು ಕೊಟ್ಟಿತು.

ಸಂಜೆ ತೂಕ ಸರಿಯಾಗಿ ಬಂತು, ಬೆಳಗಿನ ಐವತ್ತಮೂರು ಮುಕ್ಕಾಲಿಗೂ ಕೂದಲೆಳೆ ಕಡಿಮೆ. ಮರುದಿನ ಬೆಳಿಗ್ಗೆ ಶರಣಪ್ಪ ರಿಂಗಿಗೆ ಇಳಿದ. ಎದುರಿಗೆ ಅದೇ ದವಡೆ ಮುರಿದವನು. ಕಥೆಯಾಗಿದ್ದರೆ ಇಲ್ಲಿ ಶರಣಪ್ಪ ಗೆಲ್ಲಬೇಕಿತ್ತು.

ಎರಡನೇ ರೌಂಡಿನಲ್ಲಿ ಬಿದ್ದ. ಎದ್ದ. ಮತ್ತೆ ಹೋ ಎಂದು ನುಗ್ಗಿ ಎರಡು ಒಳ್ಳೆಯ ಏಟು ಕೊಟ್ಟ. ಆಮೇಲೆ ಮೂಗಿನ ಮೇಲೆ ಒಂದು ಬಿತ್ತು. ಅದು ಹೊರಟದ್ದು ನನಗಂತೂ ಕಾಣಲಿಲ್ಲ. ಹತ್ತು ಎಣಿಸುವಷ್ಟರಲ್ಲಿ ಅವನು ಎಂಟಕ್ಕೆ ಮೊಣಕಾಲೂರಿದ, ಒಂಬತ್ತಕ್ಕೆ ಕೈಯೂರಿದ, ಅಷ್ಟೇ. ನೌಕರಿ ಬೇರೆಯವನಿಗೆ ಹೋಯಿತು.

ನಾವು ಊರಿಗೆ ಬಂದ ದಿನವೇ ಹೋಟೆಲಿನಲ್ಲಿ ಶುರುವಾಯಿತು. ಹುಡುಗನನ್ನು ಖಾಜಾಮಿಯಾ ಉಪವಾಸ ಕೆಡವಿ ಸೋಲಿಸಿದ ಎಂದು ಅರ್ಧ ಜನ. ಇನ್ನರ್ಧ ಜನ ಹುಡುಗನ ಮೇಲೇ ಬಿದ್ದರು. ಮೂಗಿಗೆ ಬ್ಯಾಂಡೇಜ್ ಹಾಕಿಕೊಂಡು ಚಹಾ ಕುಡಿಯಲು ಬಂದವನಿಗೆ ಒಬ್ಬ ಹಿರಿಯರು ಎಲ್ಲರೆದುರಿಗೆ, "ಖಾಜಾಮಿಯಾ ಜಿಂದಗಿದಾಗ ಒಮ್ಮಿನೂ ಸೋತಿಲ್ಲ. ನೀ ಊರ ಮೂಗ ಒಡಸ್ಕೊಂಡು ಬಂದಿ ನೋಡು" ಎಂದರು. ಶರಣಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಮರುದಿನ ಯಾರ್ಡಿನಲ್ಲಿ ಗ್ಲೌಸನ್ನು ಖಾಜಾಮಿಯಾನ ಪಾಲಿಶ್ ಮಷೀನಿನ ಮೇಲಿಟ್ಟು, "ಇನ್ನ ಸಾಕ್ರಿ ಚಾಚಾ" ಎಂದನಂತೆ.

ಭಾನುವಾರ ಬೆಳಿಗ್ಗೆ ಖಾಜಾಮಿಯಾ ಮನೆಗೆ ಬಂದ. ಕುಂದ್ರು ಎಂದರೂ ಕೂಡಲಿಲ್ಲ.

"ಬರೀರಿ ಮಾಸ್ತರ್ ಸಾಬ."

"ಏನ್ ಬರೀಲಿ?"

"ಹುಗ್ಗಿದು ಬರೀರಿ. ತಾಂಡೂರದ ನೀರಿಂದು ಬರೀರಿ. ಎಲ್ಲಾ ಬರೀರಿ. ಅವತ್ತು ಗಾಡಿ ಟೈಮ್ ಬರದೀರಲ್ಲ, ಹಂಗ ಬರೀರಿ."

"ಹುಚ್ಚನೇನೋ ನೀನು? ಊರು ನಗ್ತದ ನಿನ್ನ ಮ್ಯಾಲ. ಇಷ್ಟು ವರ್ಷದ ಹೆಸರು ಮಣ್ಣಾಗ ಹೋಗ್ತದ."

"ಹೋಗ್ಲಿ. ನನ್ನ ಹೆಸರು ಹಿಡಕೊಂಡ ಅವರು ಹುಡುಗಗ ಹೊಡೀಲಿಕತ್ತಾರ. ನಾ ಸೋತಿಲ್ಲ ಅಂತಾರ, ನಾ ಆಡೇ ಇಲ್ಲಲ್ರಿ. ಅಂವ ಆಡಿ ಸೋತಾನ. ನಂದು ಮುಗದದ ಮಾಸ್ತರ್ ಸಾಬ, ಅಂವಂದು ಇನ್ನೂ ಅದ."

ಅಷ್ಟು ಹೇಳಿ ಅವನು ಮುಖವನ್ನು ಬಾಗಿಲ ಕಡೆ ತಿರುಗಿಸಿಕೊಂಡ. ಈ ಸಲ ಬೆನ್ನು ಸವರುವ ಸರದಿ ನನ್ನದು.

ಇಷ್ಟು ಬರೆಯುವ ಮುಂಚೆ ಹುಡುಗನನ್ನೂ ಒಂದು ಮಾತು ಕೇಳಬೇಕಲ್ಲ, ಮೊನ್ನೆ ಇಬ್ಬರೂ ಯಾರ್ಡಿಗೆ ಹೋದೆವು. ಶರಣಪ್ಪ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದ. ಬ್ಯಾಂಡೇಜ್ ತೆಗೆದಿದ್ದಾರೆ, ಮೂಗು ಸ್ವಲ್ಪ ಎಡಕ್ಕೆ ತಿರುಗಿದೆ, ಮುಂದೆಯೂ ಹಾಗೇ ಇರುತ್ತದೆ ಎನಿಸುತ್ತದೆ. ಖಾಜಾಮಿಯಾ ತನ್ನ ಕಥೆ ಪೇಪರಿನಲ್ಲಿ ಬರುತ್ತದೆ ಎಂದು ಹೇಳಿದ. ಹುಡುಗ ಬೇಡ ಎಂದ. ಖಾಜಾಮಿಯಾ ಬರುತ್ತದೆ ಎಂದ. ಆಮೇಲೆ ಅವನ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು, ಮಕ್ಕಳು ದೊಡ್ಡವರನ್ನು ಕೇಳುವ ದನಿಯಲ್ಲಿ ಕೇಳಿದ.

"ಬೇಟಾ, ಆ ಹೊಡ್ತ ಬಿತ್ತಲ್ಲ, ಮೊದಲನೇದು. ಹೆಂಗಿತ್ತು?"

ಶರಣಪ್ಪ ಬಾಯಲ್ಲಿದ್ದ ತುತ್ತು ನುಂಗಿ ಯೋಚಿಸಿದ.

"ಬೀಳೂತನ ಭಾಳ ಅಂಜಿಕಿ ಇತ್ರಿ ಚಾಚಾ. ಬಿದ್ದ ಮ್ಯಾಲ ಇದ್ದಿಲ್ಲ. ಇಷ್ಟ ಏನು ಅನಸ್ತು."

"ಇಷ್ಟೇನಾ?"

"ಇಷ್ಟೇ ರಿ."

ಖಾಜಾಮಿಯಾ ತನ್ನ ನೆಟ್ಟಗಿನ ಮೂಗನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೊಮ್ಮೆ ತಿರುಗಿಸಿ ನೋಡಿಕೊಂಡ. ಅಲ್ಲ ಓದುಗರೇ, ಆ ಮೊದಲನೇ ಹೊಡೆತಕ್ಕೆ ನೀವು ಎಷ್ಟು ವರ್ಷದಿಂದ ಚಕ್ಕರ್ ಹೊಡೆಯುತ್ತಿದ್ದೀರಿ?